ಬೊಡ್ಡೆಯ ದೀಪ

ಹೇಮಾ,

ಧರ್ಮಪ್ಪನ ಮನೆಗೆ, ಬೆಳಗೋಡಿಗೆ ಹೊರಟಿದ್ದೇನೆ. ಹಜಾರದ ದೀಪವನ್ನು ಗೊಬ್ಬರದ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಅಂಗಳದಲ್ಲಿಟ್ಟಿದ್ದೇನೆ. ಬಿಚ್ಚಬೇಡ. ಬೆಳಿಗ್ಗೆ ಸ್ವಿಚ್ ಹಾಕಿದರೆ ಅದರ ಬೊಡ್ಡೆಯ ತೂತಿನಿಂದ ಬೋರರ್ ದುಂಬಿ ಹೊರಗೆ ಬಂತು. ಕಿಟಕಿಯ ಹತ್ತಿರ ಇನ್ನೂ ಮೂರು ಸತ್ತು ಬಿದ್ದಿದ್ದವು.

ಕಾಂಡ ಕೊರೆಯುವ ಬೋರರ್ ಹುಳು ಬಿದ್ದ ಕಾಫಿ ಗಿಡ ಕಿತ್ತು ಸುಡಬೇಕೆಂದು ಊರಿಗೆಲ್ಲ ಪಾಠ ಹೇಳುವವನು ನಾನು. ಮಗಳ ಚಿತ್ರಕಲೆಯ ಪುಸ್ತಕದಲ್ಲಿ ಮರದ ಬೊಡ್ಡೆಯ ದೀಪ ನೋಡಿದ ಮೇಲೆ, ಹುಳು ಕೊರೆದ ಗೆರೆಗಳೇ ನನಗೆ ಕೆತ್ತನೆಯಂತೆ ಕಂಡವು. ಸುಡುವ ರಾಶಿಯಿಂದ ಒಂದು ಬೊಡ್ಡೆ ಎತ್ತಿಕೊಂಡು ಬಂದು ಹಜಾರಕ್ಕೆ ದೀಪ ಮಾಡಿದೆ. "ಸುಡೋದನ್ನ ತಂದು ಮನೇಲಿಡ್ತಾರಾ?" ಎಂದು ನೀನು ಕೇಳಿದ್ದಕ್ಕೆ, ನಿನಗೆ ಕಲೆ ಗೊತ್ತಾಗುವುದಿಲ್ಲ ಎಂದೆ.

ಮನೆ ಪಕ್ಕದ ಗಿಡಗಳಲ್ಲಿ ದುಂಬಿ ಕಂಡಾಗ ಬೈದದ್ದು ಮಾತ್ರ ಧರ್ಮಪ್ಪನನ್ನು. "ಒಂದ್ ಬೊಡ್ಡೆನೂ ಬಿಡ್ದಂಗೆ ಸುಟ್ಟಿವ್ನಿ ಕಣಣ್ಣ" ಎಂದು ಅವನು ಹೇಳುತ್ತಲೇ ಇದ್ದ. ಆಳುಗಳೆದುರು ಅವನನ್ನು ಸುಳ್ಳುಗಾರ ಎಂದೆ. ಹನ್ನೆರಡು ವರ್ಷ ನಮ್ಮ ತೋಟ ನೋಡಿಕೊಂಡವನು ಕತ್ತಿಯನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದ. ಆಗ ನೀನು ದೀಪದ ಕಡೆ ನೋಡಿದ್ದು ನನಗೆ ಕಂಡಿತ್ತು. ಕಾಣದವನಂತೆ ಇದ್ದೆ.

ಅವನಿಗೂ ಸೇರಿಸಿ ಅಕ್ಕಿರೊಟ್ಟಿ ತಟ್ಟು. ಬರುತ್ತಾನೋ ಇಲ್ಲವೋ, ಗೊತ್ತಿಲ್ಲ. ದೀಪವಿದ್ದ ಮೂಲೆಯಲ್ಲಿ ಇನ್ನೇನೂ ಇಡಬೇಡ, ಖಾಲಿಯೇ ಇರಲಿ.

ಅವನು ಬಂದರೆ ಆಳುಗಳನ್ನೆಲ್ಲ ಅಂಗಳಕ್ಕೆ ಕರೆ. ಬೈದದ್ದು ಅವರೆದುರೇ ಅಲ್ಲವೇ. ಚೀಲ ನಾನೇ ಎತ್ತಿ ಅವರ ಮುಂದೆ ಇಡುತ್ತೇನೆ. ಬೆಂಕಿಪೊಟ್ಟಣ ಧರ್ಮಪ್ಪನ ಕೈಗೆ ಕೊಡು.