ಅಣ್ಣನ ಜೆಟ್

ಮಾರ್ಚ್ 3, ಬೆಳಿಗ್ಗೆ 7
ನಮ್ಮ ಇನ್ನೂರು ಲಾರಿಗಳಲ್ಲಿ ಎರಡು ಇನ್ನೂ ಗೇಟಿನಲ್ಲೇ. ಡ್ರೈವರುಗಳದು ಚಹಾ, ಹರಟೆ. ಬೈದು ಕಳಿಸಿದೆ. ಅಷ್ಟರಲ್ಲಿ ವಿಮಾನದ ದಲ್ಲಾಳಿಯ ಫೋನ್. ಅಣ್ಣ ಜೆಟ್ ಮಾರುತ್ತಿದ್ದಾನಂತೆ. "ಸೆಕೆಂಡ್ ಹ್ಯಾಂಡ್ ಅಂತ ಅನ್ಸೋದೇ ಇಲ್ಲ ಮೇಡಂ. ದೊಡ್ಡ ಕ್ಯಾಬಿನ್, ಹದಿನಾಲ್ಕು ಸೀಟು, ಒಳಗೆ ನೆಟ್ಟಗೆ ನಿಂತು ಓಡಾಡ್ಬಹುದು." ನನಗೆ ಗೊತ್ತಿಲ್ಲವೇ? ಅದರ ಮೆಟ್ಟಿಲಿಂದಲೇ ನನ್ನನ್ನು ಇಳಿಸಿದ್ದು.

ಒಂಬತ್ತು ವರ್ಷವಾಯಿತು. ದೂರದ ಆಸ್ಪತ್ರೆಯಲ್ಲಿ ಅಪ್ಪ ಕೊನೆಗಳಿಗೆಯಲ್ಲಿದ್ದರು. ಬ್ಯಾಗ್ ಹಿಡಿದು ಓಡಿ ಬಂದೆ. ಅಣ್ಣ ಬಾಗಿಲಿಗೆ ಅಡ್ಡ ನಿಂತ. "ಡಾಕ್ಟರುಗಳು, ಪಾರ್ಟ್ನರುಗಳು ಎಲ್ಲ ತುಂಬಿದಾರೆ. ಜಾಗ ಇಲ್ಲ, ನಾಳೆ ಬಾ." ಮರುದಿನ ಹೋದಾಗ ಅಪ್ಪನ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು.

ಕೊಳ್ಳುತ್ತೇನೆ. ಹಾರಿಸಲು ಅಲ್ಲ... ಅವನ ಕಣ್ಣೆದುರೇ ಕತ್ತರಿಸಿ ಗುಜರಿಗೆ ಹಾಕಲು.

ಮಾರ್ಚ್ 5
ಹೊಸ ಕಂಪನಿಯ ಹೆಸರಿನಲ್ಲಿ ಆಫರ್ ಕಳಿಸಿದೆ. ಕೊಳ್ಳುವವಳು ನಾನೆಂದು ತಿಳಿದರೆ ಸುಟ್ಟಾನು, ಮಾರಲಾರ. ಯಜಮಾನರು ರಾಗ ಎಳೆದರು: "ಹಾಳಾಗ್ಲಿ ಬಿಡೇ. ಇನ್ನೂ ಎಷ್ಟು ದಿನ ಹೊಟ್ಟೇಲಿ ಇಟ್ಕೊಂಡಿರ್ತೀಯ?" ಇವರಪ್ಪ ಇನ್ನೂ ಗಟ್ಟಿಮುಟ್ಟಾಗಿ ವಾಕಿಂಗ್ ಹೋಗುತ್ತಾರೆ. ಇವರಿಗೇನು ಗೊತ್ತು?

ಮಾರ್ಚ್ 21, ಮಧ್ಯಾಹ್ನ
ವಿಮಾನ ನಿಲ್ಲಿಸುವ ಹ್ಯಾಂಗರ್. ಕೊಳ್ಳುವ ಮುಂಚಿನ ತಪಾಸಣೆ. ಹನ್ನೊಂದು ದಿನದಿಂದ ನಮ್ಮ ಇಂಜಿನಿಯರ್ ನೆಲದ ಹಲಗೆ ಎಬ್ಬಿಸಿ ತುಕ್ಕು ಹುಡುಕುತ್ತಿದ್ದಾನೆ. ಹುಟ್ಟಿದಂದಿನಿಂದ ವಿಮಾನದ ಎಲ್ಲ ದಾಖಲೆ ಇಪ್ಪತ್ತಾರು ಪೆಟ್ಟಿಗೆಗಳಲ್ಲಿ. ಒಂದು ಪುಟ ಕಾಣೆಯಾದರೂ ಬೆಲೆ ಬಿದ್ದುಹೋಗುತ್ತದಂತೆ. "ಪ್ರತಿ ಹಾರಾಟಕ್ಕೂ ಒಂದು ಸಾಲು ಮೇಡಂ. ಎಲ್ಲಿಂದ, ಎಲ್ಲಿಗೆ, ಎಷ್ಟು ಜನ."

ಎಷ್ಟು ಜನ.

ನನ್ನನ್ನು ಇಳಿಸಿದ ಆ ತಾರೀಖು ಹುಡುಕಿದೆ. ಸಿಕ್ಕಿತು. ಪೈಲಟ್ ಇಬ್ಬರು. ಪ್ರಯಾಣಿಕರು — 1.

ಹದಿಮೂರು ಸೀಟು ಖಾಲಿ ಹಾರಿಸಿಕೊಂಡು ಹೋಗಿದ್ದಾನೆ, ಪಾಪಿ! ಫೋನ್ ತೆಗೆದು ಆ ಪುಟದ ಫೋಟೋ ಹೊಡೆದುಕೊಂಡೆ.

ಏಪ್ರಿಲ್ 2
ಆ ಪುಟದ ಫೋಟೋ ನೋಡುವುದು, ಹಲ್ಲು ಕಡಿಯುವುದು — ಇದೇ ಕೆಲಸ. ಗುಜರಿಯವನಿಗೆ ಹೇಳಿಟ್ಟಿದ್ದೇನೆ. ಸಹಿ ಬಿದ್ದ ದಿನವೇ ಕಟರ್ ತರಬೇಕು. ಅಣ್ಣ ಅಲ್ಲೇ ನಿಂತು ನೋಡಬೇಕು.

ಏಪ್ರಿಲ್ 9, ಸಂಜೆ 4
ಅಣ್ಣನ ಸಹಿ ಬೆಳಿಗ್ಗೆಯೇ ವಕೀಲರ ಹತ್ತಿರ ಆಗಿತ್ತು. ವಿಮಾನ ಒಪ್ಪಿಸಲು ಹ್ಯಾಂಗರಿನ ಆಫೀಸಿಗೆ ಬಂದವನು ನನ್ನನ್ನು ನೋಡಿ ಗರಬಡಿದವನಂತೆ ನಿಂತ. ತಲೆಯೆಲ್ಲ ಬೆಳ್ಳಗಾಗಿದೆ. ಕಟರಿನವರಿಗೆ ಕೈಸನ್ನೆ ಮಾಡಿದೆ. ಪುಟ ಅವನ ಮುಖಕ್ಕೆ ಹಿಡಿದೆ.

"ಒಬ್ಬನೇ ಹೋಗಿದ್ದೆಯಲ್ಲೋ! ತುಂಬಿದೆ ಅಂದ್ಯಲ್ಲೋ!"

ಪುಟವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಮೆಲ್ಲಗೆ: "ಅಪ್ಪನೇ ಬೇಡ ಅಂದ್ರು ಕಣೇ. ಫೋನಲ್ಲಿ. ಅವಳನ್ನ ಕರ್ಕೊಂಡು ಬರೋದಾದ್ರೆ ನೀನೂ ಬರ್ಬೇಡ ಅಂದ್ರು. ಅದನ್ನ ನಿಂಗೆ ಯಾವ ಬಾಯಲ್ಲಿ ಹೇಳ್ಲಿ? ನನ್ನನ್ನೇ ಬೈಕೊಳ್ಲಿ ಅಂತ ಸುಮ್ಮನಾದೆ."

ಕೀ ಮೇಜಿನ ಮೇಲಿಟ್ಟು ಹೊರಟುಹೋದ.

ಅದೇ ದಿನ, 5:10
ಸುಳ್ಳು. ತಪ್ಪಿಸಿಕೊಳ್ಳಲು ಹೇಳಿದ್ದು. ಅಪ್ಪ ಹಾಗೆ ಅನ್ನುವವರಲ್ಲ.

ಅನ್ನುವವರೇ. ಲಾರಿ ಡ್ರೈವರನ್ನು ಮದುವೆಯಾಗಿ ಮನೆ ಬಿಟ್ಟ ದಿನ, ಸತ್ತರೂ ಮುಖ ತೋರಿಸಬೇಡ ಅಂದಿದ್ದರು. ಸಿಟ್ಟಿನ ಮಾತು, ಇಳಿಯುತ್ತದೆ ಅಂದುಕೊಂಡೆ. ಇಳಿದಿರಲಿಲ್ಲ.

ಹೊರಗೆ ಕಟರ್ ಶುರುವಾಗಿದೆ. ನಿಲ್ಲಿಸಿ ಅನ್ನಲು ಬಾಯಿ ಬರುತ್ತಿಲ್ಲ. ಒಂಬತ್ತು ವರ್ಷ ಅಣ್ಣನಿಗೆ ಹಿಡಿಶಾಪ ಹಾಕಿದೆ. ಇನ್ನು ಯಾರಿಗೆ—