ಹೆಲ್ಗಾ ಹೊರಗೆ ಕೂತದ್ದು

೧೮-೧-೮೨, ಸೋಮವಾರ

ಬೆಳಗ್ಗೆ ಆರಕ್ಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಡ್ಯೂಟಿ. ಐದಕ್ಕೆ ಎದ್ದು ಬಚ್ಚಲಿಗೆ ಹೋದರೆ ಬಾಗಿಲು ಹಾಕಿದೆ. ಒಳಗೆ ಹೆಲ್ಗಾ. ಇದ್ದಿಲಲ್ಲಿ ಹಲ್ಲು ತಿಕ್ಕುತ್ತಿದ್ದಾಳೆ — ಗೊರ ಗೊರ, ಕ್ಯಾಕ್, ಥೂ. ಇಡೀ ಬೀದಿಗೆ ಕೇಳಬೇಕು. ನಮ್ಮ ಮನೆಗೆ ಪೇಸ್ಟ್ ಬಂದು ಹತ್ತು ವರ್ಷವಾಯಿತು. ಅತ್ತೆಯೂ ಪೇಸ್ಟೇ. ಈ ಜರ್ಮನಿಯವಳಿಗೆ ಮಾತ್ರ ಇದ್ದಿಲು ಬೇಕು. ಅದನ್ನು ಒಲೆಯಿಂದ ಕೆದಕಿ, ಕುಟ್ಟಿ, ಉಪ್ಪು ಬೆರೆಸಿ ಇಡುವವಳು ನಾನು.

ಬಂದು ಮೂರು ವಾರ. ಮೈಸೂರಿನಿಂದ ಇವರ ಸ್ನೇಹಿತರು ಯಾರೋ ಕಳಿಸಿದ್ದು. ಹೆಂಗಸರ ಆಚಾರಗಳ ಮೇಲೆ ಪುಸ್ತಕ ಬರೆಯುತ್ತಾಳಂತೆ. ಶೃಂಗೇರಿಯಲ್ಲಿ ಲಾಡ್ಜಿಗೇನು ಬರವೆ? ಅವಳಿಗೆ ಮನೆಯೇ ಬೇಕು. ಇವರು ನರಸಿಂಹರಾಜಪುರದ ಆಫೀಸಿನಲ್ಲಿ ಕೂತು “ಆಗಲಿ” ಎಂದುಬಿಟ್ಟರು. ಶನಿವಾರ ಬಂದು ಸೋಮವಾರ ಬಸ್ಸು ಹತ್ತುವವರಿಗೆ ಆಗದ್ದು ಯಾವುದು.

“ನಾನು ಟೂರಿಸ್ಟ್ ಅಲ್ಲ, ಊರವಳು” — ಮೊದಲು ಕಲಿತ ಕನ್ನಡ ಅದು. ಸೀರೆ ಉಡುತ್ತಾಳೆ, ಮೀನಗಂಡ ಕಾಣುವಷ್ಟು ಮೇಲೆ. ಬರಿಗಾಲು. ಹಿಮ್ಮಡಿ ಒಡೆದು ರಕ್ತ. ಚಪ್ಪಲಿ ಹಾಕಿಕೊ ಅಂದರೆ ನಗುತ್ತಾಳೆ. ಮನೆಯಲ್ಲಿ ನಲ್ಲಿ ಇದೆ. ಇವಳು ಬಿಂದಿಗೆ ಹೊತ್ತು ಹೊಳೆಗೆ ಹೋಗುತ್ತಾಳೆ. ಎದುರು ಮನೆ ವನಜಮ್ಮ ಜಗಲಿಯಲ್ಲಿ ನಿಂತು, ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ ಅಂದರು. ನಕ್ಕೆವು. ತಂದ ನೀರು ಗಿಡಕ್ಕೆ ಹಾಕಿದೆ.

೨೪-೧

ಇವಳ ಊಟ ನೋಡಲು ಆಗುವುದಿಲ್ಲ. ಸಾರು ಮೊಣಕೈಗೆ ಇಳಿಯುತ್ತದೆ, ಅದನ್ನು ನೆಕ್ಕುತ್ತಾಳೆ. ಯಾರು ಹೇಳಿಕೊಟ್ಟರೋ, ಕೊನೆಗೊಂದು ದೊಡ್ಡ ತೇಗು. ತೇಗಿ ನಮ್ಮ ಮುಖ ನೋಡುತ್ತಾಳೆ, ಸರಿಯಾಯಿತಾ ಅಂತ. ಮಗಳು ವಿನುತಾ ಬಿದ್ದು ಬಿದ್ದು ನಕ್ಕಳು. ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಸೀಮೆಎಣ್ಣೆ ಸ್ಟೌ ಕಂಡರೆ ಮುಖ ಸಣ್ಣದು ಮಾಡುತ್ತಾಳೆ. ಪ್ಲಾಸ್ಟಿಕ್ ಬಕೆಟ್ ಕಂಡರೆ ಇನ್ನೂ. ಇವೆಲ್ಲ ನಿಮ್ಮದಲ್ಲ, ಎಲ್ಲಿಂದಲೋ ಬಂದವು ಅನ್ನುತ್ತಾಳೆ. ಹೌದಮ್ಮ, ಪೇಟೆಯ ಅಬ್ದುಲ್ ರಹಮಾನ್ ಸಾಬರ ಅಂಗಡಿಯಿಂದ ಬಂದವು. ಹೊಗೆ ಕುಡಿದು ಕಣ್ಣು ಹಾಳು ಮಾಡಿಕೊಂಡವಳು ನಾನು, ಸ್ಟೌ ಬೇಕು ಎಂದವಳೂ ನಾನು.

ಅತ್ತೆಗೆ ಮಾತ್ರ ಹೆಲ್ಗಮ್ಮ ಎಂದರೆ ಪ್ರಾಣ. ಕೇಳುವವರು ಸಿಕ್ಕಿದ್ದಾರಲ್ಲ. ಹಳೆಯದನ್ನೆಲ್ಲ ಬಗೆದು ಬಗೆದು ಹೇಳುತ್ತಾರೆ.

೨೯-೧, ಮಧ್ಯಾಹ್ನ ಮೂರು

ಡ್ಯೂಟಿ ಮುಗಿಸಿ ಬಂದರೆ ಹಿತ್ತಲ ಕೋಣೆಯ ಬಾಗಿಲು ತೆರೆದಿದೆ. ಗುಡಿಸಿ, ಸಾರಿಸಿ, ಚಾಪೆ ಹಾಕಿದೆ. ಚಾಪೆಯ ಮೇಲೆ ಹೆಲ್ಗಾ. ಗೋಡೆಗೆ ಒರಗಿ ಪುಸ್ತಕ ಓದುತ್ತಿದ್ದಾಳೆ. ನನ್ನನ್ನು ಕಂಡು ಕೈ ಅಡ್ಡ ಹಿಡಿದಳು.

“ಮುಟ್ಟಬೇಡಿ. ನಾನು ಹೊರಗೆ.”

ಏನೋ ಬಹುಮಾನ ಬಂದವಳ ಮುಖ. ಮುಟ್ಟಾದಾಗ ನಿಮ್ಮಲ್ಲಿ ಏನು ಮಾಡುತ್ತಾರೆ ಅಂತ ಅತ್ತೆಯನ್ನು ಕೇಳಿದಳಂತೆ. ಅತ್ತೆ ಹೇಳಿದರಂತೆ. ಇವಳು ಕೂತಳಂತೆ. ಅತ್ತೆ ಕಣ್ಣಲ್ಲಿ ನೀರು ತಂದುಕೊಂಡು ನನಗೆ ಹೇಳಿದರು. ನಾನೇ ಅವಳಿಗೆ ದೂರದಿಂದ ಅನ್ನ ಬಡಿಸಿದೆ. ಚೊಂಬು ಎತ್ತಿ ಮೇಲಿನಿಂದ ಅವಳ ಬೊಗಸೆಗೆ ನೀರು ಬಿಟ್ಟೆ. ಹೇಸಿಗೆ ಅವಳದ್ದಲ್ಲ — ನನ್ನ ಕೈಯದ್ದು. ಎಷ್ಟು ಎತ್ತರದಿಂದ ಬಿಡಬೇಕು ಅಂತ ಆ ಕೈಗೆ ಇನ್ನೂ ನೆನಪಿದೆ.

ಆ ಕೋಣೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು. ಮದುವೆಯಾಗಿ ಬಂದಾಗಿನಿಂದ ತಿಂಗಳು ತಿಂಗಳೂ ಅಲ್ಲಿ ಕೂತವಳು. ಬೇರೆ ತಟ್ಟೆ, ಬೇರೆ ಚಾಪೆ, ಗೆದ್ದಲ ವಾಸನೆ. ಡ್ಯೂಟಿಗೆ ಹೋಗಿ ಇಡೀ ತಾಲ್ಲೂಕಿನ ಫೋನು ಮುಟ್ಟಿ ಬಂದು ಮತ್ತೆ ಅಲ್ಲೇ. ಎರಡು ವರ್ಷದ ಹಿಂದೆ ಅತ್ತೆ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಅಡಿಗೆಗೆ ಯಾರೂ ಇಲ್ಲ. ಆ ದಿನಗಳಲ್ಲೂ ನಾನೇ ಬೇಯಿಸಿದೆ. ಅತ್ತೆ ಆ ಕಡೆ ಮುಖ ಮಾಡಿ ಉಂಡರು. ಕೈ ಕೂಡಿದ ಮೇಲೆ ಹೊರಗೆ ಕೂರುವ ಮಾತು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ದೇವರ ಕೋಣೆಗೆ ಮಾತ್ರ ಹೋಗುವುದಿಲ್ಲ. ಅಷ್ಟಕ್ಕೆ ರಾಜಿ.

ವಿನುತಾಗೆ ಹನ್ನೆರಡು ತುಂಬಿತು. ಚಿಕ್ಕವಳಿದ್ದಾಗ ಅಮ್ಮನನ್ನು ಕಾಗೆ ಮುಟ್ಟಿದೆ ಅಂತ ನಂಬಿಸಿದ್ದೆವು. ಈಗ ಅವಳಿಗೆ ಅದು ಸೌದೆ ಕೋಣೆ, ಅಷ್ಟೇ. ಇವತ್ತೋ ನಾಳೆಯೋ ದೊಡ್ಡವಳಾಗುತ್ತಾಳೆ. ನನ್ನ ಮಗಳು ಅಲ್ಲಿ ಕೂರಬಾರದು. ಈ ಮನೆಯಲ್ಲಿ ನನಗೆ ಬೇಕಾದ್ದು ಅದೊಂದೇ.

೩೦-೧

ಇವರು ಬಂದರು. ಹಿತ್ತಲಿಗೆ ಇಣುಕಿ ನೋಡಿ ನಕ್ಕರು. ಅವಳೇ ಖುಷಿಯಿಂದ ಕೂತಿದ್ದಾಳೆ, ನಿಂಗೆಂತ ಉರಿ ಅಂದರು. ಉರಿ ಎಲ್ಲಿ ಅಂತ ಹೇಳಿದರೆ ತಿಳಿಯುವ ಪ್ರಾಣಿ ಅಲ್ಲ. ಕಾಫಿ ಕೊಟ್ಟು ಒಳಗೆ ಹೋದೆ.

೨-೨

ಹೆಲ್ಗಾ ಎಕ್ಸ್‌ಚೇಂಜಿಗೆ ಬಂದಳು. ಬೆಂಗಳೂರಿಗೆ ಟ್ರಂಕ್ ಕಾಲ್, ಅಲ್ಲಿರುವ ಗೆಳತಿಗೆ. ಬೋರ್ಡಿನಲ್ಲಿ ನಾನೇ. ಲೈನು ಹಿಡಿದಿದೆಯಾ ಅಂತ ನಡುನಡುವೆ ಕಿವಿ ಕೊಡಲೇಬೇಕು. ಕೊಟ್ಟೆ. ಇಂಗ್ಲಿಷು, ನಿಧಾನದ ಇಂಗ್ಲಿಷು, ಎಲ್ಲ ತಿಳಿಯಿತು. ಮೂರು ದಿನ ಯಾರೂ ನನ್ನನ್ನು ಮುಟ್ಟಲಿಲ್ಲ, ಒಂದು ಕೆಲಸ ಇಲ್ಲ, ಊಟ ಇದ್ದಲ್ಲಿಗೆ ಬರುತ್ತದೆ, ಅನ್ನುತ್ತಿದ್ದಳು. ಇಷ್ಟು ಒಳ್ಳೆಯ ರಜೆ ನಾನು ಕಂಡಿಲ್ಲ. ಈ ಹೆಂಗಸರು ನಮಗಿಂತ ಜಾಣರು...

ಬೋರ್ಡಿನಿಂದ ವೈರು ಕಿತ್ತು ಲೈನು ಕಡಿದುಬಿಡಬೇಕು ಅನ್ನಿಸಿತು. ಕೀಳಲಿಲ್ಲ. ಸರ್ಕಾರದ ಕೆಲಸ.

ಪಕ್ಕದ ಸೀಟಿನ ಸಯೀದಾಗೆ ಹೇಳಿದೆ. ಅವಳು ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ ಎಲ್ಲ ಕೇಳಿದಳು.

“ಜಲಜಕ್ಕ, ಅವಳ ರಿಟರ್ನ್ ಟಿಕೆಟ್ ಪೆಟ್ಟಿಗೇಲಿ ಉಂಟಲ್ಲ. ಮತ್ತೆಂತ, ಕೂರ್ತಾಳೆ.”

ಕೊಪ್ಪದ ಲೈನು ಕೂಗಿತು. ಆ ಕಡೆ ತಿರುಗಿದಳು.

೯-೨

ನನ್ನ ದಿನ. ಎಂದಿನಂತೆ ಕುಕ್ಕರ್ ಇಡಲು ಹೋದೆ. ಅತ್ತೆ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದರು. ಹೇಗೆ ಗೊತ್ತಾಯಿತೋ. ಅವರಿಗೆ ಗೊತ್ತಾಗದ್ದು ಯಾವುದು. ದನಿ ಎತ್ತಲಿಲ್ಲ.

“ಸಮುದ್ರ ದಾಟಿ ಬಂದ ಕೂಸು ಕೂತ್ಕಂಡ್ತು. ನಿಂಗೆ ಎಂತ ದೊಡ್ಡಸ್ತಿಕೆಯೇ?”

ನಾನು ಕೂರುವುದಿಲ್ಲ ಅಂದೆ. ಸರಿ ಅಂದರು. ಒಲೆ ಮೇಲಿನ ಅನ್ನ ಹಾಗೇ ಉಳಿಯಿತು. ಅತ್ತೆ ರಾತ್ರಿಯೂ ಉಣ್ಣಲಿಲ್ಲ.

೧೦-೨, ಮಧ್ಯಾಹ್ನ

ಅತ್ತೆ ನೀರೂ ಮುಟ್ಟಿಲ್ಲ. ಶೇಷಮ್ಮ ಎಂದರೆ ಹಟ ಅಂತ ಊರಿಗೇ ಗೊತ್ತು. ಹೆಲ್ಗಾ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಳು. ಮೂರೇ ದಿನ ಅಲ್ಲವಾ, ನಾನೂ ನಿನ್ನ ಜೊತೆ ಬಂದು ಕೂರುತ್ತೇನೆ, ಮಾತಾಡಿಕೊಂಡಿರೋಣ ಅಂದಳು. ಬೆನ್ನು ಸವರಿದಳು. ಮೈಮೇಲೆ ಜಿಗಣೆ ಹತ್ತಿದ ಹಾಗಾಯಿತು.

ಡ್ಯೂಟಿಯಲ್ಲಿರುವಾಗ ಇವರದೇ ಫೋನು, ಆಫೀಸಿನಿಂದ. ಯಾರು ಸುದ್ದಿ ಕೊಟ್ಟರೋ. ಅಮ್ಮನಿಗೆ ವಯಸ್ಸಾಯಿತು, ಏನಾದರೂ ಆದರೆ ಊರು ಎಂತ ಹೇಳೀತು, ಒಂದು ಸಲ ಕೂತ್ಕೊಂಡುಬಿಡು ಮಾರಾಯ್ತಿ. ಮೂರು ನಿಮಿಷ ಇದನ್ನೇ ಹೇಳಿದರು. ನನ್ನ ಬೋರ್ಡಿನ ಮೇಲೆ, ನನ್ನದೇ ಲೈನಿನಲ್ಲಿ.

ಸಂಜೆ

ಕೂತೆ.

೧೪-೨

ಮೂರು ದಿನ ಬರೆಯಲಿಲ್ಲ. ಪೆನ್ನು ಒಳಗೆ, ನಾನು ಹೊರಗೆ.

ಅತ್ತೆ ಉಂಡರು. ಎರಡು ಸಲ ಹಾಕಿಸಿಕೊಂಡು ಉಂಡರು, ಹೆಲ್ಗಾ ಬಡಿಸಿದಳು. ಅದು ಕೇಳಿಸುತ್ತಿತ್ತು. ಹೊಟ್ಟೆನೋವು, ಕೆಳಗೆ ನೆಲದ ಥಂಡಿ, ಸೊಳ್ಳೆ. ಬೆಳಗ್ಗೆ ಎದ್ದು ಡ್ಯೂಟಿ, ಬಂದು ಮತ್ತೆ ಚಾಪೆ. ಹೆಲ್ಗಾ ಹೊಸಿಲ ಆಚೆ ಕೂತು ಏನೇನೋ ಕೇಳುತ್ತಿದ್ದಳು — ಒಳಗೆ ಕೂತಾಗ ಹೇಗನ್ನಿಸುತ್ತದೆ, ಶಾಂತಿ ಸಿಗುತ್ತದಾ. ನಾನು ಗೋಡೆ ಕಡೆ ತಿರುಗಿ ಮಲಗಿದೆ.

ಆದರೆ ಅದಲ್ಲ. ಎರಡನೇ ದಿನ ಊಟಕ್ಕೆ ವಿನುತಾ ಬಂದಳು. ತಟ್ಟೆಯನ್ನು ಇಡಲಿಲ್ಲ, ನೆಲದ ಮೇಲೆ ತಳ್ಳಿದಳು. ಆಮೇಲೆ ಚೊಂಬು ಎತ್ತಿ ಮೇಲಿನಿಂದ ನನ್ನ ಕೈಗೆ ನೀರು ಬಿಟ್ಟಳು. ಯಾರೂ ಹೇಳಿಕೊಟ್ಟದ್ದಲ್ಲ, ನಾನು ಹೆಲ್ಗಾಗೆ ಬಿಟ್ಟದ್ದನ್ನು ನೋಡಿ ಕಲಿತದ್ದು. ಒಂದು ಹನಿ ಸಿಡಿಯಲಿಲ್ಲ. ಎಷ್ಟು ಜೋಪಾನ.

“ಅಮ್ಮ, ಇದು ರೆಸ್ಟ್ ಅಂತೆ. ಆಂಟಿ ಹೇಳಿದ್ರು.”

ಊಟ ಕಾಗೆಗೆ ಹಾಕಿದೆ. ನನ್ನ ಮೇಲೆ ನನಗೇ ಅಸಹ್ಯ. ಅತ್ತೆಯ ಉಪವಾಸಕ್ಕೆ ಹೆದರಿ ಕೂತೆನಲ್ಲ, ನೋಡುತ್ತಿದ್ದವಳು ಯಾರು ಅಂತ ಯೋಚಿಸಲೇ ಇಲ್ಲ. ಇನ್ನು ಕೂರುವುದಿಲ್ಲ. ಅತ್ತೆ ಏನೇ ಮಾಡಲಿ.

೨೬-೨

ಹೆಲ್ಗಾ ಮತ್ತೆ ಹಿತ್ತಲ ಕೋಣೆಗೆ. ಈ ಸಲ ಕಿಟಕಿಗೆ ಹೂವು ಬೇರೆ ಇಟ್ಟುಕೊಂಡಿದ್ದಾಳೆ. ಶಾಲೆ ಬಿಟ್ಟೊಡನೆ ವಿನುತಾ ಅಲ್ಲೇ ಹೊಸಿಲಲ್ಲಿ. ಅವಳ ಊರಿನ ಕತೆ, ಹಿಮದ ಕತೆ, ಪೆಟ್ಟಿಗೆಯಿಂದ ಚಾಕೊಲೇಟು. ನಗುವೋ ನಗು. ಅತ್ತೆಯೂ ದೂರ ಕೂತು ಎಲೆ ಅಡಿಕೆ ಹಾಕುತ್ತಾ ಸೇರಿಕೊಂಡಿದ್ದಾರೆ. ಆ ಕೋಣೆ ಈಗ ಈ ಮನೆಯಲ್ಲೇ ಗೌಜಿನ ಜಾಗ.

ಮಲಗುವಾಗ ವಿನುತಾ ಕೇಳಿದಳು, ಅಮ್ಮ, ನಂಗೆ ಯಾವಾಗ? ಹೊಡೆದುಬಿಟ್ಟೆ. ಹೊಡೆಯಬಾರದಿತ್ತು. ಅಜ್ಜಿ ಹತ್ತಿರ ಹೋಗಿ ಮಲಗಿದಳು.

೩-೩

ಇವತ್ತು ಆಡಿಯೇಬಿಟ್ಟೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ಕಲ್ಲಿಗೆ ಬಡಿದು ಬಡಿದು, ಒಂದು ರವಿಕೆಯ ಗುಂಡಿಯೂ ಉಳಿಯದ ಹಾಗೆ. ಇಂಗ್ಲಿಷಿನಲ್ಲಿ ಶುರು ಮಾಡಿದೆ, ಸಿಟ್ಟು ಬಂದ ಮೇಲೆ ಕನ್ನಡವೇ ಬಂತು. ನೀನು ಆ ಕೋಣೆಯಲ್ಲಿ ಕೂರಬೇಡ. ನೀನು ಕೂತರೆ ನನ್ನನ್ನೂ ಕೂರಿಸುತ್ತಾರೆ, ನಾಳೆ ನನ್ನ ಮಗಳನ್ನು ಕೂರಿಸುತ್ತಾರೆ. ಅದರಿಂದ ಹೊರಗೆ ಬರಲು ನಾನು ಪಟ್ಟ ಪಾಡು ನಿನಗೆ ಗೊತ್ತಿಲ್ಲ.

ಅವಳ ಮುಖ ಕೆಂಪಾಯಿತು. ನಿಮ್ಮ ಪದ್ಧತಿಗೆ ಮರ್ಯಾದೆ ಕೊಟ್ಟೆ, ಅದು ತಪ್ಪೇ ಅಂದಳು. ಹಾಗಾದರೆ ನಾನು ಈ ಮನೆಯಲ್ಲಿ ಪರದೇಶದವಳ ಹಾಗೆ ಇರಬೇಕಾ?

“ಹೌದು. ಪರದೇಶದವಳ ಹಾಗೇ ಇರು. ಅಷ್ಟು ಉಪಕಾರ ಮಾಡು.”

ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಒಳಗೆ ಹೋಗಿ ಅದನ್ನೂ ಬರೆದುಕೊಂಡಳು. ಥೂ.

೬-೩, ಶನಿವಾರ

ಹೋದಳು. ಇನ್ನೂ ಒಂದು ತಿಂಗಳು ಇರುವವಳು ಇವತ್ತೇ ಹೋದಳು. ನನ್ನಿಂದ ಅಂತ ಅತ್ತೆಯ ಮಾತು. ಇರಲಿ.

ಸೀರೆ ಬಿಚ್ಚಿ ಮಡಿಸಿ ವಿನುತಾಗೆ ಕೊಟ್ಟಳು. ಪ್ಯಾಂಟು, ಬೂಟು, ಕಪ್ಪು ಕನ್ನಡಕ. ಬಸ್ಸಿನಲ್ಲಿ ಧೂಳಂತೆ — ಕೊಪ್ಪದವರೆಗೆ ಟ್ಯಾಕ್ಸಿ ಬೇಕು ಅಂದಳು. ಎರಡು ತಿಂಗಳು ಊರವಳಾಗಿದ್ದವಳು ಐದು ನಿಮಿಷದಲ್ಲಿ ಟೂರಿಸ್ಟ್ ಆದಳು. ಅತ್ತೆ ಕುಂಕುಮ ಇಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ವಿನುತಾ ಟ್ಯಾಕ್ಸಿ ಹಿಂದೆ ಸೇತುವೆಯವರೆಗೆ ಓಡಿದಳು. ನಾನು ಬಚ್ಚಲಿಗೆ ಹೋಗಿ ಇದ್ದಿಲ ಡಬ್ಬಿ ತಿಪ್ಪೆಗೆ ಎಸೆದೆ.

೧೨-೩

ಈ ಸಲ ಕೂರಲಿಲ್ಲ. ಅತ್ತೆ ಮೂರು ದಿನ ತಾವೇ ಅವಲಕ್ಕಿ ಕಲಸಿಕೊಂಡು ತಿಂದರು. ತಿನ್ನಲಿ. ಇವರ ಫೋನು ಬಂತು, ಲೈನ್ ಎಂಗೇಜ್ ಅಂದೆ. ಸಯೀದಾ ನಕ್ಕಳು.

ಸೌದೆ ಗಾಡಿಯ ಭೈರಪ್ಪನಿಗೆ ಹೇಳಿ ಎರಡು ಗಾಡಿ ಸೌದೆ ತರಿಸಿ ಹಿತ್ತಲ ಕೋಣೆಗೆ ತುಂಬಿಸಿದೆ. ಮಾಡಿನ ಹೆಂಚಿಗೆ ತಾಗುವ ಹಾಗೆ. ಮೂರು ವರ್ಷಕ್ಕಾಯಿತಲ್ಲ ಅಮ್ಮ ಅಂದ. ಆಗಲಿ ಅಂದೆ. ರಾತ್ರಿ ನಿದ್ದೆ ಚೆನ್ನಾಗಿ ಬಂತು.

೨೨-೩, ಸಂಜೆ

ಎರಡಕ್ಕೆ ಡ್ಯೂಟಿ ಮುಗಿಯಿತು. ಸಂತೆಗೆ ಹೋಗಿ ಬಂದೆ. ಬೀದಿಯಲ್ಲಿರುವಾಗಲೇ ಎಳ್ಳು ಹುರಿಯುವ ವಾಸನೆ. ಹಬ್ಬ ಇಲ್ಲ, ಯಾರೂ ಬರುವವರಿಲ್ಲ. ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡುವುದು ಹುಡುಗಿ ದೊಡ್ಡವಳಾದಾಗ.

ಹಿತ್ತಲಿಗೆ ಓಡಿದೆ. ಅಂಗಳದ ತುಂಬ ಸೌದೆ. ಒಂದೊಂದೇ ಎಳೆದು ಹೊರಗೆ ಹಾಕಿದ್ದಾರೆ. ಯಾರು ಹಾಕಿದ್ದು ಅಂತ ಕೂಗಿದೆ. ಅತ್ತೆ ಬಾಣಲೆ ಬಿಟ್ಟು ಬರಲಿಲ್ಲ, ಅಲ್ಲಿಂದಲೇ ಹೇಳಿದರು.

“ನನ್ನ ಮೇಲೆ ಹಾರ್ಬೇಡ. ನಾನು ಬೇಡ ಅಂತ್ಲೇ ಹೇಳಿದೆ. ಕೂಸೇ ಕೇಳ್ಲಿಲ್ಲ.”

ವಿನುತಾ ಶಾಲೆಯಿಂದ ನಡುವೆಯೇ ಬಂದಳಂತೆ. ಬಂದವಳೇ ಸೌದೆ ಎಳೆಯಲು ನಿಂತಳಂತೆ. ಅರ್ಧ ಕೋಣೆ ತಾನೇ ಖಾಲಿ ಮಾಡಿದ್ದಾಳೆ. ಅಂಗೈಯೆಲ್ಲ ಸಿಬಿರು. ಹೆಲ್ಗಾ ಕೊಟ್ಟ ಸೀರೆ ಸುತ್ತಿಕೊಂಡು, ಸೌದೆ ರಾಶಿಗೆ ಒರಗಿ, ಕೈಯಲ್ಲಿ ಪುಸ್ತಕ. ನನ್ನನ್ನು ನೋಡಿ ನಕ್ಕಳು.

“ಬರ್ಬೇಡ ಅಮ್ಮ. ಮುಟ್ಟಿದ್ರೆ ನಿಂಗೂ ಮೈಲಿಗೆ.”

ಒಳಗೆ ಹೋಗಿ ತಬ್ಬಿಕೊಂಡೆ. ಮೈ ಬಿಸಿಯಿತ್ತು. ಹೆಗಲು ಹಿಡಿದು ಎಬ್ಬಿಸಿ ಕರೆದುಕೊಂಡು ಹೊರಟೆ. ಅಂಗಳ ದಾಟುವವರೆಗೂ ಬಂದಳು. ಅಡಿಗೆಮನೆ ಬಾಗಿಲಲ್ಲಿ ಅಜ್ಜಿಯನ್ನು ಕಂಡದ್ದೇ ಕೈ ಕೊಸರಿಕೊಂಡಳು. “ಬಿಡು. ನಿಂಗೆ ಎಲ್ಲ ಹೇಸಿಗೆ. ಆಂಟಿ ಕಂಡ್ರೂ ಹೇಸಿಗೆ, ನಾನು ಕಂಡ್ರೂ ಹೇಸಿಗೆ” ಅಂದಳು. ತಿರುಗಿ ಕೋಣೆಗೇ ಓಡಿದಳು. ಒಳಗಿನಿಂದ ಚಿಲಕ ಹಾಕಿದ ಸದ್ದು.

ನಮ್ಮನ್ನೆಲ್ಲ ಯಾರಾದರೂ ಕೂರಿಸಿದ್ದು. ಹೊರಗಿನಿಂದ ಕೂರಿಸಿದ್ದು. ಒಳಗಿನಿಂದ ಚಿಲಕ ಹಾಕಿಕೊಂಡವರು ಯಾರೂ ಇರಲಿಲ್ಲ.

ಬಾಗಿಲು ಬಡಿದೆ. ಹೆಸರು ಹಿಡಿದು ಕರೆದೆ. ನೀನು ಕಂಡರೆ ಹೇಸಿಗೆ ಅಲ್ಲವೇ ಮಗಳೇ, ಅಲ್ಲವೇ ಅಲ್ಲ... ಕೇಳಿಸಿತೋ ಇಲ್ಲವೋ. ಅತ್ತೆ ಚಿಗಳಿಯ ತಟ್ಟೆ ತಂದು ಅಂಗಳದಲ್ಲಿ ಇಟ್ಟು ಹೋದರು. ಅವರ ಮುಖದಲ್ಲೂ ಗೆದ್ದ ಕಳೆ ಇರಲಿಲ್ಲ.

ಹೊಸಿಲಲ್ಲಿ ಕೂತು ಬರೆಯುತ್ತಿದ್ದೇನೆ. ಕತ್ತಲಾಗುತ್ತಿದೆ. ಒಳಗೆ ದೀಪ ಇಲ್ಲ. ಹೊಟ್ಟೆನೋವು ಶುರುವಾಗಿರಬೇಕು, ನರಳುತ್ತಿದ್ದಾಳೆ, ಸದ್ದು ಬಾರದ ಹಾಗೆ. ಮತ್ತೆ ಬಡಿಯುತ್ತೇನೆ. ತೆಗೆಯದಿದ್ದರೆ ರಾತ್ರಿಯಿಡೀ ಇಲ್ಲೇ ಹೊರಗೆ ಕೂರುತ್ತೇನೆ.