ಮಿಕ್ಕಿದ ಬಣ್ಣ

ಸೆಪ್ಟೆಂಬರ್ 16, 1999. ಸಂಜೆ 6. ಮೈಸೂರು, ಹಾಸ್ಟೆಲ್.

ಸಾರಿ ಅಪ್ಪ. ಈ ಡೈರಿ ನೀನು ಕೊಟ್ಟಿದ್ದು ಫಾರ್ಮುಲಾ ಬರೆದುಕೊಳ್ಳುವುದಕ್ಕೆ. ಪೇಂಟ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದನ್ನು ನೀನು ನನಗೋಸ್ಕರ ಟ್ರಂಕಿನಲ್ಲಿ ಎತ್ತಿಟ್ಟಿದ್ದೆ. ಅದರಲ್ಲಿ ಹೀಗೆ ಮನಸ್ಸಿಗೆ ಬಂದದ್ದು ಗೀಚಬಾರದು. ಗೊತ್ತು. ಆದರೆ ರೂಮ್‌ಮೇಟ್ ಇನ್ನೂ ಹಬ್ಬ ಮುಗಿಸಿ ಬಂದಿಲ್ಲ, ಹೇಳಿಕೊಳ್ಳುವುದಕ್ಕೆ ಯಾರೂ ಇಲ್ಲ.

ಸಾಲ್ಟ್ ಅನಾಲಿಸಿಸ್ ರೆಕಾರ್ಡ್ ಅರ್ಧಕ್ಕೇ ನಿಂತಿದೆ. ಇವತ್ತು ಲೆಡ್, ಅಂದರೆ ಸೀಸ. ಕೆಮಿಸ್ಟ್ರಿ ಮೇಡಂ ಟೆಸ್ಟ್ ಟ್ಯೂಬ್ ಎತ್ತಿ ಹಿಡಿದು ಅಂದರು, "ಈ ಹಳದಿ ಇದ್ಯಲ್ಲ, ನಿಮ್ಮನೆ ಬಾಗಿಲಿಗೆ ಬಳಿದಿರೋ ಎನಾಮೆಲ್‌ನಲ್ಲೂ ಇರುತ್ತೆ. ಹಳೇ ಮನೆ ಆದ್ರೆ ಇನ್ನೂ ಜಾಸ್ತಿ. ಚೆಕ್ಕೆ ಏಳ್ತಿದ್ರೆ ಚಿಕ್ಕ ಮಕ್ಕಳನ್ನ ಹತ್ರ ಬಿಡ್ಬೇಡಿ. ರಕ್ತಕ್ಕೆ ಸೇರುತ್ತೆ, ಮೆದುಳಿಗೆ ಹೋಗುತ್ತೆ." ಎಲ್ಲರೂ ಬರೆದುಕೊಂಡರು. ನನ್ನ ಪೆನ್ನು ನಿಂತುಬಿಟ್ಟಿತು.

ನಂಜನಗೂಡಿನ ನಮ್ಮ ಮನೆ ತಾತ ಕಟ್ಟಿಸಿದ್ದು. ಅಪ್ಪ ಇಪ್ಪತ್ತೆಂಟು ವರ್ಷದಿಂದ ಪೇಂಟರ್. ಯಾವ ಕೆಲಸದಲ್ಲಿ ಏನು ಮಿಕ್ಕಿದರೂ — ಕಾಲು ಡಬ್ಬ, ತಳದಲ್ಲಿ ನಾಲ್ಕು ಬೆರಳು — ಬಿಸಾಡುವ ಹಾಗಿಲ್ಲ. ಯುಗಾದಿಗೆ ನಮ್ಮ ಕಿಟಕಿ ಬಾಗಿಲಿಗೆ. ಹಳೆಯದನ್ನು ಕೆರೆಯುವುದೂ ಇಲ್ಲ, ಅದರ ಮೇಲೇ. ರೈಸ್ ಮಿಲ್ಲಿನ ಹಸಿರು, ಇಸ್ಕೂಲಿನ ನೀಲಿ, ಮಠದ ಹಳದಿ. ಒಂದು ಚೆಕ್ಕೆ ಉದುರಿದರೆ ಬಿಸ್ಕತ್ತಿನಷ್ಟು ದಪ್ಪ.

ಆ ಚೆಕ್ಕೆ ಕವನ ತಿನ್ನುತ್ತಾಳೆ. ನಾನೇ ನೋಡಿದ್ದೇನೆ. ನೋಡಿ ನಕ್ಕಿದ್ದೇನೆ.

ಸೆಪ್ಟೆಂಬರ್ 19, ಭಾನುವಾರ. ನಂಜನಗೂಡು.

ಕವನ ಅಕ್ಕನ ಮಗಳು, ಎರಡೂವರೆ ವರ್ಷ. ಅಕ್ಕ ನಾಗಮಣಿ ಮತ್ತೆ ಬಸುರಿ. ವಾಂತಿ ಜಾಸ್ತಿ ಅಂತ ಮೂರನೇ ತಿಂಗಳಿಗೇ ಗಂಡನ ಮನೆ ನರಸೀಪುರದಿಂದ ಇಲ್ಲಿಗೆ ಬಂದುಬಿಟ್ಟಳು. ಅಂದರೆ ಕವನ ಜೂನ್‌ನಿಂದ ಈ ಕಿಟಕಿಯಲ್ಲೇ ಕೂತಿದ್ದಾಳೆ. ಸರಳು ನೆಕ್ಕುತ್ತಾಳೆ, ಬೀದಿ ನೋಡುತ್ತಾಳೆ. ಮೊದಲು ಪಟಪಟ ಮಾತಾಡುತ್ತಿದ್ದವಳು. ಇವತ್ತು ನನ್ನನ್ನು ಕಂಡು "ಚಿಕ್ಕಿ" ಅನ್ನಲಿಲ್ಲ. ಸುಮ್ಮನೆ ಬಂದು ಮಡಿಲಲ್ಲಿ ಮಲಗಿದಳು. ರೆಪ್ಪೆ ಒಳಗೆ ಬಿಳಿಚಿಕೊಂಡಿದೆ.

ಅಮ್ಮನಿಗೆ ಹೇಳಿದೆ. "ಉಳ ಕಣೆ. ಮಣ್ ತಿನ್ನೋ ಮಕ್ಳಿಗೆಲ್ಲ ಒಟ್ಟೇಲಿ ಉಳ ಇರ್ತದೆ. ಔಸ್ದಿ ಕುಡ್ಸಿವ್ನಿ."

"ಅಮ್ಮ, ಅದು ಮಣ್ಣಲ್ಲ, ಪೇಂಟು. ಅದ್ರಲ್ಲಿ ಲೆಡ್ ಇದೆ. ಪಾಯ್ಸನ್."

ಅಪ್ಪ ಬ್ರಷ್ ತೊಳೆಯುತ್ತಿದ್ದವನು ಜೋರಾಗಿ ನಕ್ಕು ಅಮ್ಮನಿಗೆ ಅಂದ, "ಕೇಳ್ದಾ ಗೋವಿಂದಿ? ಐದ್ನೇ ಕಲಾಸಿಂದ ಆಸ್ಟ್ಲಿಗೆ ಆಕಿ ಓದ್ಸಿದ್ದು ಇದ್ಕೇಯ. ನಂಗೇ ಪಾಯ್ಸನ್ ಅಂತಾವ್ಳೆ!"

"ನಿಂಗಲ್ಲ ಅಪ್ಪ, ಪೇಂಟಿಗೆ."

"ಎರಡೂ ಒಂದೇ ಕಣವ್ವ. ನಾನು ಇಪ್ಪತ್ತೆಂಟ್ ವರ್ಷದಿಂದ ಅದನ್ನೇ ಉಂಡು ಅದನ್ನೇ ಉಟ್ಟಿವ್ನಿ. ಸತ್ತಿದ್ದೀನಾ?"

ಎಲ್ಲರೂ ನಕ್ಕರು. ಅಕ್ಕನೂ. ನಾನು ಯಾರಿಗೂ ಕಾಣದಂತೆ ಒಂದು ಚೆಕ್ಕೆ ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡೆ.

ಸೆಪ್ಟೆಂಬರ್ 22. ಹಾಸ್ಟೆಲ್.

ಮೇಡಂ ಒಪ್ಪಿದರು. ಚೆಕ್ಕೆಯನ್ನು ಪುಡಿ ಮಾಡಿ ಸುಟ್ಟು, ನೈಟ್ರಿಕ್ ಆಸಿಡ್‌ನಲ್ಲಿ ಕಾಯಿಸಿ, ಸೋಸಿ, ಪೊಟ್ಯಾಸಿಯಂ ಅಯೊಡೈಡ್ ಎರಡು ತೊಟ್ಟು.

ಹಳದಿ. ತೊಟ್ಟು ಬಿದ್ದ ಜಾಗದಲ್ಲೇ, ತಕ್ಷಣ. ಅರಿಶಿನ ಕದಡಿದ ಹಾಗೆ.

ನಂಬದೆ ಮತ್ತೆ ಮಾಡಿದೆ. ಮತ್ತೆ. ಬಿಸಿ ಮಾಡಿದರೆ ಕರಗುತ್ತೆ, ಆರಿದರೆ ಬಂಗಾರದ ಚೂರಿನ ಹಾಗೆ ಮಿನುಗುತ್ತಾ ಇಳಿಯುತ್ತೆ. ರೆಕಾರ್ಡಿನಲ್ಲಿ ಬರೆದಿದ್ದೇ. ಅಟೆಂಡರ್ ಬೋರಯ್ಯ ಇಣುಕಿ ನೋಡಿದರು. "ಏನವ್ವಾ, ಚಿನ್ನ ಸಿಕ್ತಾ?"

"ಇದು ನಮ್ಮನೆ ಕಿಟಕಿ" ಅಂದೆ. ಅವರಿಗೆ ಅರ್ಥವಾಗಲಿಲ್ಲ.

ಮೇಡಂ ಅಂದರು, ಇದ್ರಿಂದ ಲೆಡ್ ಇದೆ ಅಂತ ಮಾತ್ರ ಗೊತ್ತಾಯ್ತು, ಮಗುವಿಗೆ ಎಷ್ಟು ಸೇರಿದೆ ಅಂತ ರಕ್ತ ಟೆಸ್ಟ್ ಮಾಡಿಸ್ಬೇಕು, ಬೆಂಗಳೂರಿಗೆ ಕಳಿಸ್ಬೇಕಾಗುತ್ತೆ. ಲೈಬ್ರರಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ತೋರಿಸಿದರು. ನಿಂತೇ ಓದಿದೆ. ರಕ್ತಹೀನತೆ, ಹೊಟ್ಟೆನೋವು, ಕಲಿತ ಮಾತು ಮರೆತುಹೋಗುವುದು. ಬಸುರಿಯಿಂದ ಹೊಟ್ಟೆಯೊಳಗಿನ ಮಗುವಿಗೂ. ಪುಟದ ಕೊನೆ ಸಾಲು: ಅಂಥ ಪೇಂಟನ್ನು ಮನೆಯಿಂದ ತೆಗೆದುಹಾಕಬೇಕು. ಅಷ್ಟರಲ್ಲಿ ಬೆಲ್. ರೆಫರೆನ್ಸ್ ಪುಸ್ತಕ ಫಸ್ಟ್ ಇಯರ್‌ನವರಿಗೆ ಹೊರಗೆ ಕೊಡಲ್ಲ.

ತೆಗೆದುಹಾಕಬೇಕು. ಸರಿ.

ಅಕ್ಟೋಬರ್ 14. ನಂಜನಗೂಡು. ಮಧ್ಯಾಹ್ನ.

ದಸರಾ ರಜ. ರಕ್ತ ಟೆಸ್ಟ್ ವಿಷಯ ಎತ್ತಿದರೆ ಅಮ್ಮ, "ಬೆಂಗ್ಳೂರ್‌ಗಾ? ಒಂದ್ ಉಳಕ್ಕಾ?" ಅಪ್ಪ ಹುಲ್ಲಹಳ್ಳಿಗೆ ಹೋಗಿದ್ದಾನೆ, ಐದು ದಿನದ ಕೆಲಸ. ಕೇಳುವವರಿಲ್ಲ. ಮನೆಯಲ್ಲಿದ್ದ ಅಪ್ಪನ ಹಳೇ ಚೀಲದಿಂದ ಉಜ್ಜುವ ಉಪ್ಪುಕಾಗದ, ಕೆರೆಯುವ ಪಟ್ಟಿ ತೆಗೆದುಕೊಂಡೆ.

ಎರಡು ದಿನ. ಎರಡು ಕಿಟಕಿ, ನಡುಮನೆ ಬಾಗಿಲು. ಹುಡಿ ಅಂದರೆ ಅಂಥ ಹುಡಿ! ಅಕ್ಕ ಹೊಟ್ಟೆ ಹೊತ್ತುಕೊಂಡೇ ಕೆಳಗಿನ ಅರ್ಧ ಉಜ್ಜಿದಳು, ಬೇಡ ಅಂದರೂ ಕೇಳಲಿಲ್ಲ. "ನನ್ ಮಗ್ಳಿಗೆ ತಾನೆ, ನಾನೂ ಉಜ್ತೀನಿ ಬುಡು." ಕವನ ಹುಡಿಯಲ್ಲಿ ಕೂತು ಎರಡೂ ಕೈಯಲ್ಲಿ ಎತ್ತಿ ಎತ್ತಿ ಸುರಿದುಕೊಂಡಳು. ತಲೆಯೆಲ್ಲ ಹಸಿರು ನೀಲಿ. ಹೋಳಿ ಆಡಿದ ಹಾಗೆ. ಎಷ್ಟೋ ದಿನದ ಮೇಲೆ ನಕ್ಕಳು. ಅಮ್ಮ ಪೊರಕೆ ಹಿಡಿದು ಗುಡಿಸಿದಷ್ಟೂ ಮನೆಯೆಲ್ಲ ಮೋಡ. "ಓದ್ದೋಳ್ ಮಾಡೋ ಕೆಲ್ಸ ನೋಡು, ಅನ್ನದಲ್ಲೂ ಬಣ್ಣ!"

ಮರ ಕಾಣಿಸಿತು. ಕೈ ಬೊಬ್ಬೆ. ಪರವಾಗಿಲ್ಲ. ಜೀವನದಲ್ಲಿ ಮೊದಲನೇ ಸಲ ಓದಿದ್ದು ಉಪಯೋಗಕ್ಕೆ ಬಂತು.

ಅಕ್ಟೋಬರ್ 17.

ಅಪ್ಪ ಬಂದ. ಬಯ್ಯುತ್ತಾನೆ ಅಂದುಕೊಂಡಿದ್ದೆ. ಚೀಲ ಕೆಳಗಿಡದೆ ಕಿಟಕಿ ಮುಂದೆ ನಿಂತ. ಅಂಗೈ ಇಟ್ಟು ಸವರಿದ.

"ನೈಸಾಗಿ ಉಜ್ಜಿದ್ದೀಯ. ಕೈ ಅದೆ ಕಣವ್ವ ನಿಂಗೆ." ಮರದ ಗೆರೆ ಮೇಲೆ ಬೆರಳಾಡಿಸಿ, "ಒನ್ನೆ ಮರ. ನಮ್ಮಪ್ಪ ಆಕ್ಸಿದ್ದು. ನಾನೇ ಮರ್ತೋಗಿದ್ದೆ."

ಕವನ ಎರಡು ದಿನದಿಂದ ಉಣ್ಣುತ್ತಿಲ್ಲ. ಹೊಟ್ಟೆ ಹಿಡಿದುಕೊಂಡು ಅಳು. ಹಬ್ಬದ ತಿಂಡಿ ಆಗಿಬರಲಿಲ್ಲ ಅಂತ ಅಮ್ಮ.

ಅಕ್ಟೋಬರ್ 21. ಮೈಸೂರು. ಆಸ್ಪತ್ರೆ.

ನಿನ್ನೆ ಬೆಳಗ್ಗೆ ಫಿಟ್ಸ್. ಅಕ್ಕನ ತೋಳಲ್ಲೇ ಸೆಟೆದುಕೊಂಡಳು. ಕಣ್ಣು ಮೇಲೆ. ಪಕ್ಕದ ಮನೆ ರಾಮಯ್ಯನ ಲಗೇಜ್ ಆಟೋದಲ್ಲಿ ಇಲ್ಲಿಗೆ. ಬರೆಯಲಾಗುತ್ತಿಲ್ಲ.

ಬರೆಯಬೇಕು.

ಡಾಕ್ಟರಿಗೆ ಲೆಡ್ ಅಂತ ನಾನೇ ಹೇಳಿದೆ. ಟೆಸ್ಟ್, ಪ್ರೆಸಿಪಿಟೇಟ್, ಎಲ್ಲ ಇಂಗ್ಲಿಷಿನಲ್ಲಿ ಪಟಪಟ ಹೇಳಿದೆ. ಅವರು ತಲೆಯೆತ್ತಿದರು. "ಗುಡ್. ಆದ್ರೆ ಚೆಕ್ಕೆ ತಿಂದಿದ್ದಕ್ಕೇ ಇಷ್ಟು ದಿಢೀರ್ ಅಂತ ಏರೋದು ಕಷ್ಟ. ಈಚೆಗೆ ಮನೇಲಿ ಯಾರಾದ್ರೂ ಪೇಂಟ್ ಕೆರೆದ್ರಾ? ಒಣಗಿದ್ದನ್ನ ಹಾಗೇ ಉಜ್ಜಿದ್ರಾ? ಆ ಧೂಳು ಚೆಕ್ಕೆಗಿಂತ ಡೇಂಜರ್. ಉಸಿರಲ್ಲಿ ಹೋಗುತ್ತೆ, ಕೈಗೆ ಮೆತ್ತುತ್ತೆ, ಊಟಕ್ಕೆ ಬೀಳುತ್ತೆ."

ನನ್ನ ಇಂಗ್ಲಿಷೂ ಹೋಯಿತು, ಕನ್ನಡವೂ ಹೋಯಿತು.

"ನಾನೇ ಸಾ" ಅಂದ ಅಪ್ಪ. "ಉಜ್ಜಿದ್ದು ನಾನೇಯ. ಪೇಂಟರು ನಾನು."

ಡಾಕ್ಟರ್ ಅವನಿಗೆ ಬೈದರು. ಇಷ್ಟು ವರ್ಷ ಕೆಲಸ ಮಾಡಿ ಅಷ್ಟೂ ಗೊತ್ತಾಗಲ್ವಾ, ಬಸುರಿ ಹೆಂಗಸು ಬೇರೆ ಮನೇಲಿ. ಅಪ್ಪ ಟವೆಲ್ ಹಿಸುಕುತ್ತಾ ನಿಂತಿದ್ದ. ಅಕ್ಕ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

ಅಕ್ಟೋಬರ್ 23.

ಬಾವ ಬಂದರು. ಮಾದೇಶ್ ಬಾವ ಎಂದೂ ದನಿ ಎತ್ತಿದವರಲ್ಲ. ವಾರ್ಡಿನ ಬಾಗಿಲಲ್ಲಿ ನಿಂತು, "ಏನಾಯ್ತು ಮಾವ?"

"ನಮ್ಮನೆ ಬಣ್ಣ ಕಣಪ್ಪ. ಅದ್ರಲ್ಲಿ ವಿಷ ಅದಂತೆ. ಮಗು ತಿಂದ್‌ಬುಡ್ತು."

ಉಜ್ಜಿದ ಮಾತು ಎತ್ತಲೇ ಇಲ್ಲ ಅಪ್ಪ. ಎತ್ತಿದರೆ ಯಾರು, ಯಾಕೆ ಅಂತ ಬರುತ್ತೆ ಅಂತ.

"ನಿಮ್ ಬಣ್ಣ ನನ್ ಮಗೀನೇ ತಿಂತು ಮಾವ" ಅಂದರು ಬಾವ. ಅಪ್ಪ ಹೂಂ ಅಂದ. ನಾನು ಅಲ್ಲೇ ಇದ್ದೆ. ಎರಡು ಅಡಿ ದೂರದಲ್ಲಿ.

ಅಕ್ಟೋಬರ್ 28.

ರಿಪೋರ್ಟ್ ಬಂತು. ಕವನಳ ರಕ್ತದಲ್ಲಿ ಲೆಡ್ 72. ಹತ್ತರ ಒಳಗಿರಬೇಕಂತೆ. ಅಕ್ಕನದು 24. ಔಷಧಿ ಆಗಲೇ ಶುರು ಮಾಡಿದ್ದಾರೆ, ಇಂಜೆಕ್ಷನ್. ಒಂದೊಂದು ಸಲ ಚುಚ್ಚಿದಾಗಲೂ ಕವನ ಕಿರುಚುವುದು ಕೆಳಗಿನ ಗೇಟಿನವರೆಗೂ ಕೇಳುತ್ತೆ. ಹೊಟ್ಟೆಯೊಳಗಿನ ಮಗು? "ನೋಡೋಣ" ಅಂದರು ಡಾಕ್ಟರ್.

ಲೈಬ್ರರಿಗೆ ಹೋದೆ. ಅದೇ ಪುಸ್ತಕ. ಪುಟ ತಿರುಗಿಸಿದೆ. ಅಂದು ತಿರುಗಿಸದ ಪುಟ.

ಒಣಗಿದ್ದನ್ನು ಉಜ್ಜಬಾರದು. ನೀರು ಚಿಮುಕಿಸಿ ಒದ್ದೆ ಮಾಡಿಕೊಂಡೇ ಕೆರೆಯಬೇಕು. ನೆಲಕ್ಕೆ ಪ್ಲಾಸ್ಟಿಕ್ ಹಾಸಬೇಕು. ಪೊರಕೆ ಕೂಡದು, ಒದ್ದೆ ಬಟ್ಟೆ. ಬೆಂಕಿಯಿಂದ ಸುಡಲೇಬಾರದು, ಆ ಹೊಗೆ ಎಲ್ಲಕ್ಕಿಂತ ಕೆಟ್ಟದ್ದು. ಮಕ್ಕಳು, ಬಸುರಿಯರು ಕೆಲಸ ಮುಗಿದು ಮನೆ ತೊಳೆಯುವವರೆಗೆ ಒಳಗೆ ಕಾಲಿಡಬಾರದು.

ಎಂಟು ಸಾಲು. ಓದುವುದಕ್ಕೆ ಒಂದು ನಿಮಿಷವೂ ಬೇಡ.

ಅಕ್ಟೋಬರ್ 31, ಭಾನುವಾರ. ನಂಜನಗೂಡು.

ಅಪ್ಪ, ನಾನು ಇಬ್ಬರೇ. ಬೆಳಗಿನಿಂದ. ಗೊಬ್ಬರದ ಚೀಲ ಬಿಚ್ಚಿ ಹಾಸಿ, ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡು, ಗೋಡೆ, ಹೆಂಚಿನ ಕೆಳಗಿನ ತೀರು ತೊಲೆ, ಪಾತ್ರೆ, ಅಕ್ಕಿ ಡಬ್ಬದ ಮುಚ್ಚಳ — ಎಲ್ಲ ಸೋಪಿನ ನೀರಲ್ಲಿ ಒರೆಸಿದೆವು. ಬಟ್ಟೆ ಹಿಂಡಿದಾಗೆಲ್ಲ ನೀರು ಹಸಿರುಹಸಿರು. ಹಿತ್ತಲಿನಲ್ಲಿ ಆಳವಾಗಿ ಗುಂಡಿ ತೋಡಿ ಹುಡಿ, ಬಟ್ಟೆ ಎಲ್ಲ ಚೀಲದಲ್ಲಿ ಕಟ್ಟಿ ಹೂತೆವು. ಉಳಿದ ಬಾಗಿಲನ್ನು ಅಪ್ಪ ಒದ್ದೆ ಮಾಡಿ ಕೆರೆದ.

"ನೀರ್ ಆಕ್ಕೊಂಡು ಉಜ್ಜೋದು ನಮ್ ಮೇಸ್ತ್ರಿ ಏಳ್ಕೊಟ್ಟಿದ್ದ ಕಣವ್ವ. ಲೇಟಾಯ್ತದೆ ಅಂತ ನಾವೇ ಬುಟ್‌ಬುಟ್ವಿ."

"ಅಪ್ಪ, ಬಾವಂಗೆ ನಿಜ ಹೇಳ್ಬಿಡ್ಲಾ?"

"ಏನ್ ನಿಜ? ಬಣ್ಣ ನಂದು ತಾನೆ? ಉಜ್ಜು, ಬಾಯ್ ಮುಚ್ಕೊಂಡು."

ಉಜ್ಜಿದೆ. ಬಾಯಿ ಮುಚ್ಚಿಕೊಂಡು.

ನವೆಂಬರ್ 4. ಬೆಳಗ್ಗೆ 11. ಹಾಸ್ಟೆಲ್.

38! ಕವನ ಡಿಸ್ಚಾರ್ಜ್! ಬೆಳಗ್ಗೆ ಓಡಿಹೋಗಿ ನೋಡಿಕೊಂಡು ಬಂದೆ. "ಚಿಕ್ಕಿ, ಬಸ್ಸು" ಅಂದಳು. ಎರಡು ಪದ. ಸಾಕು. ಡಾಕ್ಟರ್ ಅಂದರು, ಮೂಳೆಯಲ್ಲಿ ಉಳಿದಿರುತ್ತೆ, ಮತ್ತೆ ಸ್ವಲ್ಪ ಧೂಳು ಸೇರಿದರೂ ಈ ಸಲ ಮಗು ತಡೆಯಲ್ಲ. ನಂಜನಗೂಡಿನ ಮನೆಗೆ ಇನ್ನು ಎರಡು ತಿಂಗಳು ಬೇಡ. ಬಾವ ನರಸೀಪುರಕ್ಕೇ ಕರೆದುಕೊಂಡು ಹೋದರು, ಅಕ್ಕನನ್ನೂ. ದೀಪಾವಳಿ ಅಲ್ಲೇ.

ನಾಳೆ ಪ್ರಾಕ್ಟಿಕಲ್ ಟೆಸ್ಟ್. ಓದಬೇಕು. ಓದಬಹುದು.

ನವೆಂಬರ್ 4. ಸಂಜೆ 5.20.

ಅಪ್ಪ ಗೇಟಿನಲ್ಲಿ ಕೂತಿದ್ದಾನೆ. ವಾಚ್‌ಮನ್ ಬೆಂಚಿನ ಮೇಲೆ. ನರಸೀಪುರಕ್ಕೆ ಆರು ಕಾಲಿಗೆ ಬಸ್ಸು.

ಊರಿಗೆ ಹೋಗುವ ಮೊದಲು ನನ್ನನ್ನು ನೋಡಿ ಹೋಗೋಣ ಅಂತ ಬಂದವನು, ಮಾತಿನ ಮಧ್ಯೆ ಅಂದ, "ಮಾದೇಶ ನನ್ ಬ್ಲೋ ಲ್ಯಾಂಪ್ ಈಸ್ಕೊಂಡ. ಅಬ್ಬಕ್ಕೆ ಮುಂಚೆ ಮನೆ ಬಣ್ಣ ಎಲ್ಲ ಸುಟ್ ತೆಗಿತಾನಂತೆ. ಒಂದ್ ಚೂರೂ ಉಳಿಸಲ್ಲ ಅಂದ. ನಾಳೆ ಒತ್ತಾರೆಯಿಂದ್ಲೇ ಸುರು."

ಬೆಂಕಿ ಊದಿ ಹಳೇ ಬಣ್ಣ ಸುಡುವ ದೀಪ ಅದು. ಬಾವನ ಮನೆ ಕಿಟಕಿ ಬಾಗಿಲೂ ಅಪ್ಪನೇ ಬಳಿದದ್ದು. ಅಕ್ಕನ ಮದುವೆಗೆ. ಹಳದಿ.

"ಕೊಟ್ಯಾ ಅಪ್ಪ? ಕೊಟ್ಬಿಟ್ಯಾ?"

"ಸುಟ್ರೆ ದೂಳ್ ಏಳಲ್ವಲ್ಲವ್ವ. ಅದ್ಕೇ ಕೊಟ್ಟೆ. ಅವ್ನು ಕೇಳ್ದಾಗ ಇಲ್ಲ ಅನ್ನಕ್ಕೆ ನಂಗೆ ಯಾವ್ ಮೊಕ ಅದೆ?"

ಹೊಗೆಯ ವಿಷಯ ನಾನು ಅಪ್ಪನಿಗೆ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಸುಡುವುದಿರಲಿಲ್ಲ, ಹೇಳಲಿಲ್ಲ. ಈಗ ಹೇಳಿದೆ. ಅಪ್ಪನ ಮುಖ ನೋಡಲಾಗಲಿಲ್ಲ.

ಅವರ ಬೀದಿಯ ಟೆಲಿಫೋನ್ ಬೂತಿಗೆ ಮೂರು ಸಲ ಮಾಡಿದೆ. ರಿಂಗಾಗುತ್ತೆ, ಎತ್ತುತ್ತಿಲ್ಲ. ವಾರ್ಡನ್ ಕಾಲು ಹಿಡಿದೆ, ಆರರ ಮೇಲೆ ಹೊರಗಿರುವುದಕ್ಕೆ ಬಿಡಲ್ಲ, ಅಪ್ಪ ಬಂದರೂ ಬಿಡಲ್ಲ, ನಾಳೆ ಟೆಸ್ಟ್ ಬೇರೆ. ಅಪ್ಪ ಹೋಗುತ್ತಾನೆ. ಆದರೆ, "ನಾನ್ ಬ್ಯಾಡ ಅಂದ್ರೆ ಅವ್ನು ಕೇಳಕ್ಕಿಲ್ಲ ಕಣವ್ವ. ಬಣ್ಣ ಉಳಿಸ್ಕೊಳಕ್ಕೆ ಬಂದವ್ನೆ ಅಂತಾನೆ. ನೀನ್ ಬರ್ಕೊಡು."

ಒಂದು ಮಾತೂ ತಪ್ಪಬಾರದು. ಮೊದಲು ಇಲ್ಲಿ ಬರೆದು, ಆಮೇಲೆ ಹಾಳೆಗೆ ಇಳಿಸುತ್ತೇನೆ.

ಬಾವ,

ಬ್ಲೋ ಲ್ಯಾಂಪ್ ಹಚ್ಚಬೇಡಿ. ಅಕಸ್ಮಾತ್ ಆಗಲೇ ಹಚ್ಚಿದ್ದರೆ ಅಕ್ಕನನ್ನೂ ಕವನಳನ್ನೂ ಈ ಕ್ಷಣ ಬೇರೆ ಯಾರ ಮನೆಗಾದರೂ ಕರೆದುಕೊಂಡು ಹೋಗಿ. ಬಟ್ಟೆ ಬದಲಾಯಿಸಿ, ಕೈ ಮುಖ ತೊಳೆಸಿ. ಆ ಹೊಗೆ ಚೆಕ್ಕೆಗಿಂತ ಕೆಟ್ಟದ್ದು, ಧೂಳಿಗಿಂತ ಕೆಟ್ಟದ್ದು. ಪೇಂಟ್ ಗಟ್ಟಿಯಾಗಿದ್ದರೆ ಮುಟ್ಟಬೇಡಿ, ಹಾಗೇ ಇರಲಿ. ಚೆಕ್ಕೆ ಎದ್ದಿದ್ದರೆ ಅವರಿಬ್ಬರೂ ಇಲ್ಲದಾಗ ಅಪ್ಪ ಒದ್ದೆ ಮಾಡಿ ತೆಗೆಯುತ್ತಾನೆ. ಅವನಿಗೆ ಬರುತ್ತೆ.

ಇದನ್ನು ಅಪ್ಪನ ಮಾತು ಅಂತ ತಳ್ಳಿಹಾಕಬೇಡಿ. ಕವನಳಿಗೆ ಫಿಟ್ಸ್ ಬಂದದ್ದು ಚೆಕ್ಕೆ ತಿಂದದ್ದಕ್ಕೆ ಮಾತ್ರ ಅಲ್ಲ ಬಾವ. ಒಣಬಣ್ಣ ಉಜ್ಜಿ ಮನೆ ತುಂಬ ಹುಡಿ ಎಬ್ಬಿಸಿದ್ದಕ್ಕೆ. ಉಜ್ಜಿದ್ದು ಅಪ್ಪ ಅಲ್ಲ. ಅಪ್ಪ ಆಗ ಹುಲ್ಲಹಳ್ಳಿಯಲ್ಲಿದ್ದ. ಉಜ್ಜಿದ್ದು ನಾನು. ಎರಡು ದಿನ. ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು. ಆಸ್ಪತ್ರೆಯಲ್ಲಿ ಹೇಳಲಿಲ್ಲ.

ಬೈಯುವುದನ್ನು ಆಮೇಲೆ ಬೈಯಿರಿ. ಅಪ್ಪ ನಾಳೆ ಮೊದಲನೇ ಬಸ್ಸಿಗೆ ವಾಪಸ್ಸು ಬರುತ್ತಾನೆ. ಹಚ್ಚಿದ್ದೀರೋ ಇಲ್ಲವೋ, ಕವನ ಎಲ್ಲಿದ್ದಾಳೆ — ಎರಡೇ ಸಾಲು ಬರೆದು ಅವನ ಕೈಯಲ್ಲಿ ಕೊಡಿ. ಬೇಗ ಉತ್ತರ ಕಳಿಸಿ ಬಾವ.